ಕಡಲಾಚೆಗೆ ಹೋದ ಸರಕು, ಊರಲ್ಲಿಯೇ ಉಳಿದ ಹೆಸರು

ನವಲಗುಂದದ ಒಂದು ಮನೆಯಲ್ಲಿ ಹೆಣ್ಣುಮಗಳೊಬ್ಬಳು ಮಗ್ಗದ ಮುಂದೆ ಕುಳಿತು ನೆಯ್ದ ಜಮಖಾನೆಯು ಇಂದು ಅಂತರ್ಜಾಲದ ಪೇಟೆಯಲ್ಲಿ ಪರದೇಶದವರ ಕಣ್ಣಿಗೆ ಬೀಳಬಹುದು. ಅಂಚೆಯ ಕಟ್ಟಾಗಿ ಕಡಲಾಚೆಯ ಮನೆಯನ್ನು ಸೇರಬಹುದು. ನಡುವೆ ಮುಂಬಯಿಯ ಶೇಟಜಿಯೂ ಬೇಡ, ಹಡಗಿನ ಗುತ್ತಿಗೆಯೂ ಬೇಡ. ಇದನ್ನು ಕಂಡು, ಚಿಕ್ಕವರಿಗೆ ಕಡಲ ಬಾಗಿಲು ಈಗಲೇ ತೆರೆಯಿತೆಂದು ಹರ್ಷಪಡುವವರುಂಟು. ಆದರೆ ನಮ್ಮ ಎರೆಸೀಮೆಯ ಚಿಕ್ಕ ಒಕ್ಕಲಿಗನ ಸರಕು ಕಡಲು ದಾಟಿ ಒಂದೂವರೆ ಶತಮಾನಕ್ಕೂ ಮಿಕ್ಕಿ ಕಾಲವಾಯಿತು. ಆಗ ಸರಕು ಹೋಯಿತು, ಹಣವೂ ಕೆಲಕಾಲ ಬಂದಿತು. ಬೆಳೆದವನ ಹೆಸರು ಮಾತ್ರ ಅಗಸೆಯ ಬಾಗಿಲನ್ನು ದಾಟಲಿಲ್ಲ. ಆ ಹೆಸರು ದಾಟದೆ ಇದ್ದುದರಿಂದ ಏನಾಯಿತೆಂಬದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಕರಿಯ ನೆಲವು ಹತ್ತಿಗೆ ಹೇಳಿ ಮಾಡಿಸಿದ್ದು. ಆದರೆ ಬೆಳೆಯು ಕೈಗೆ ಬರುವ ಮೊದಲೇ ಎಷ್ಟೋ ಒಕ್ಕಲಿಗರು ಅದರ ಮೇಲೆ ಸಾವಕಾರನಿಂದ ಹಣ ತಂದಿರುತ್ತಿದ್ದರು. ಬಿಡಿಸಿದ ಹತ್ತಿಯಿಂದ ಕಾಳು ಬೇರ್ಪಡಿಸುವ ಕೆಲಸವು ಹೆಂಗಸರದು. ಹಾಸುಗಲ್ಲಿನ ಮೇಲೆ ಹತ್ತಿಯನ್ನಿಟ್ಟು, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಹೊರಳಿಸಿ ಅರಳೆಯನ್ನು ತೆಗೆಯುವರು. ಆ ಅರಳೆಯು ಅಂಡಿಗೆಗಳಲ್ಲಿ ತುಂಬಿ, ಮೊದಲು ಹೇರೆತ್ತುಗಳ ಬೆನ್ನಿನ ಮೇಲೆ, ದಾರಿಯಾದ ಬಳಿಕ ಬಂಡಿಗಳಲ್ಲಿ, ಘಟ್ಟವನ್ನು ಇಳಿಯುತ್ತಿತ್ತು. ಒಂದು ದಾರಿಯು ಶಿರಸಿಯ ಕಡೆಯಿಂದ ದೇವಿಮನೆ ಘಟ್ಟದಲ್ಲಿಳಿದು ಕುಮಟೆಗೆ ಹೋಗುವದು. ಇನ್ನೊಂದು ಕಲಘಟಗಿ, ಯಲ್ಲಾಪುರಗಳ ಮೇಲಿಂದ ಅರಬೈಲು ಘಟ್ಟವನ್ನಿಳಿದು ಕಡಲಿಗೆ ಮುಟ್ಟುವದು. ಕುಮಟೆಯಿಂದ ಮಚವೆಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ದೊಡ್ಡ ಹಡಗಿನಲ್ಲಿ ಆಫ್ರಿಕಾ ಖಂಡವನ್ನು ಸುತ್ತಿ ಲಿವರಪೂಲಿಗೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಧಾರವಾಡ ಸೀಮೆಯ ಜವಾರಿ ಹತ್ತಿಗೆ ಪೇಟೆಯಲ್ಲಿ ಬಿದ್ದ ಹೆಸರು 'ಕುಮಟೆ'. ಆ ಹತ್ತಿ ಬೆಳೆದದ್ದು ಕುಮಟೆಯ ಮಳೆನೆಲದಲ್ಲಲ್ಲ. ಅದು ಹಡಗನ್ನೇರಿದ ಬಂದರು ಅಷ್ಟೆ. ಇನ್ನೂ ಮುಂದೆ ಹೋಗಿ ಲ್ಯಾಂಕಶಾಯರದ ಗಿರಣಿಗಳಲ್ಲಿ ಪಶ್ಚಿಮ ಹಿಂದುಸ್ಥಾನದ ಹತ್ತಿಯನ್ನೆಲ್ಲ 'ಸುರತ' ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಹೊಲದಲ್ಲಿ ಜವಾರಿ, ಬಂದರಿನಲ್ಲಿ ಕುಮಟೆ, ಗಿರಣಿಯಲ್ಲಿ ಸುರತ: ಹೀಗೆ ಒಂದೊಂದು ಕೈ ಬದಲಾದಂತೆ ಒಂದೊಂದು ಹೆಸರು ಕಳಚಿಬಿತ್ತು.

ಇಸವಿ ೧೮೪೦ರಲ್ಲಿ ಈಸ್ಟ ಇಂಡಿಯಾ ಕಂಪನಿಯವರು ಅಮೇರಿಕೆಯಿಂದ ಹತ್ತು ಜನ ಹತ್ತಿಯ ಬೇಸಾಯಗಾರರನ್ನು ಕರೆತಂದರು. ಮ್ಯಾಂಚೆಸ್ಟರದ ಗಿರಣಿಗಳಿಗೆ ಉದ್ದ ಎಳೆಯ ಅರಳೆಯನ್ನು ಈ ದೇಶದಲ್ಲಿ ಬೆಳೆಯಿಸಬೇಕೆಂಬದು ಅವರ ಹವಣಿಕೆ. ಬೇರೆ ಅನೇಕ ಕಡೆಗಳಲ್ಲಿ ಆ ಯತ್ನವು ನಿಷ್ಫಲವಾಯಿತು. ಧಾರವಾಡದಲ್ಲಿ ಮಾತ್ರ ಕಲೆಕ್ಟರ ಶಾ ಸಾಹೇಬರ ಆಸ್ಥೆಯಿಂದಲೂ ಮರ್ಸರ ಎಂಬ ಅಮೇರಿಕನ್ನನ ಪ್ರಯೋಗದಿಂದಲೂ ೧೮೪೨ರ ತರುವಾಯ ಬೇರೂರಿತು. ಜನರು ಅದನ್ನು 'ವಿಲಾಯತಿ ಹತ್ತಿ' ಎಂದರು; ಪೇಟೆಯು 'ಧಾರವಾಡ ಅಮೇರಿಕನ್' ಎಂದಿತು. ಈ ಹತ್ತಿಯ ಕಾಳು ಅರಳೆಗೆ ಬಿಗಿಯಾಗಿ ಅಂಟಿಕೊಂಡಿರುವದರಿಂದ ಅಂಗಾಲಿನ ಸಲಾಕೆಗೆ ಬಗ್ಗದು. ಅದಕ್ಕೆ ಗರಗಸದ ಜಿನ್ನು ಬೇಕಾಯಿತು. ಧಾರವಾಡದಲ್ಲಿ ಸರಕಾರದ ಜಿನ್ನಿನ ಕಾರಖಾನೆಯೊಂದು ಹುಟ್ಟಿ, ಡಾಕ್ಟರ ಫೋರ್ಬ್ಸ ಎಂಬವರ ಮೇಲ್ವಿಚಾರಣೆಯಲ್ಲಿ ನಡೆಯಿತು. ನಮ್ಮ ಸೀಮೆಯ ಹೆಸರು ಪರದೇಶದ ಪೇಟೆಯಲ್ಲಿ ಕೇಳಬಂದದ್ದು ಹೀಗೆ. ಬಂದ ಹೆಸರನ್ನು ಕಾಯುವವರು ಯಾರೆಂಬ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ.

ಉತ್ತರವನ್ನು ೧೮೬೧ರ ಯುದ್ಧವು ಹೊರಗೆಡಹಿತು. ಅಮೇರಿಕೆಯ ಉತ್ತರ-ದಕ್ಷಿಣ ಸಂಸ್ಥಾನಗಳು ಕಾದಾಡತೊಡಗಲು, ದಕ್ಷಿಣದ ಬಂದರುಗಳಿಗೆ ಉತ್ತರದವರು ಮುತ್ತಿಗೆ ಹಾಕಿದರು. ಲಿವರಪೂಲಿಗೆ ಹತ್ತಿ ಬರುವದು ನಿಂತಿತು. ಹಿಂದುಸ್ಥಾನದ ಹತ್ತಿಯ ಬೆಲೆಯು ಮೂರು ವರ್ಷಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತು. ಮ್ಯಾಂಚೆಸ್ಟರದವರು ತಮ್ಮದೇ ಒಂದು ಕಾಟನ್ ಕಂಪನಿಯನ್ನು ಕಟ್ಟಿ, ಕಾರವಾರದ ಬಳಿಯ ಸದಾಶಿವಗಡಕ್ಕೆ ಯಂತ್ರಗಳನ್ನು ಕಳಿಸಿಕೊಟ್ಟರು. ಬಂದು ನೋಡಿದರೆ ದಾರಿಯೂ ಇಲ್ಲ, ಧಕ್ಕೆಯೂ ಇಲ್ಲ. ಕಾರವಾರದ ಬಂದರಿನ ನಿಮಿತ್ತವಾಗಿಯೇ ೧೮೬೨ರಲ್ಲಿ ಉತ್ತರ ಕನ್ನಡವು ಮದ್ರಾಸ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಒಂದು ಜಿಲ್ಲೆಯ ಭಾಗ್ಯವೇ ಅರಳೆಯ ಎಳೆಯಿಂದ ತೂಗಿದ ಕಾಲವದು.

ಬೆಲೆ ಏರಿದ ಹಾಗೆ ಕಲಬೆರಕೆಯೂ ಏರಿತು. ವಿಲಾಯತಿ ಅರಳೆಯಲ್ಲಿ ಜವಾರಿ ಅರಳೆ, ಅರಳೆಯಲ್ಲಿ ಒಡೆದ ಕಾಳು, ತೂಕ ಹೆಚ್ಚಲೆಂದು ನೀರು, ಮಣ್ಣು. ಲ್ಯಾಂಕಶಾಯರದಲ್ಲಿ 'ಸುರತ' ಎಂಬ ಶಬ್ದವು ಕೆಟ್ಟ ಮಾಲಿಗೆಲ್ಲ ಬೈಗುಳವಾಗಿಬಿಟ್ಟಿತು. ಇದನ್ನು ಓದಿ ನಮ್ಮ ಒಕ್ಕಲಿಗನನ್ನು ಅಪ್ರಾಮಾಣಿಕನೆಂದು ದೂರುವದು ಸುಲಭ, ನ್ಯಾಯವಲ್ಲ. ತನ್ನ ಹತ್ತಿಯು ಅಡತಿಯವನ ಅಂಗಳದಲ್ಲಿ ಹತ್ತು ಜನರ ಹತ್ತಿಯೊಡನೆ ಒಂದೇ ರಾಶಿಗೆ ಬೀಳುವದನ್ನು ಅವನು ಕಣ್ಣಾರೆ ಕಂಡಿದ್ದನು. ಚೊಕ್ಕಟ ಹತ್ತಿ ತಂದವನಿಗೂ ಕಸ ತಂದವನಿಗೂ ಒಂದೇ ದರ ಸಿಕ್ಕರೆ ಚೊಕ್ಕಟ ಮಾಡುವ ಶ್ರಮವನ್ನು ಯಾವನು ಮಾಡಿಯಾನು? ಕೊಳ್ಳುವವನಿಗೆ ಬೆಳೆದವನು ತಿಳಿಯನು. ಬೆಳೆದವನಿಗೆ ಉಡುವವನು ತಿಳಿಯನು. ಹೆಸರಿಲ್ಲದಲ್ಲಿ ಹೊಣೆಯೂ ಇಲ್ಲ, ಹೊಣೆಯಿಲ್ಲದಲ್ಲಿ ಮಾನವೂ ಇಲ್ಲ.

ಸರಕಾರವು ಮದ್ದನ್ನು ಹುಡುಕಿದ್ದು ಶಿಕ್ಷೆಯಲ್ಲಿ. ೧೮೨೯ರಷ್ಟು ಹಿಂದೆಯೇ ಮುಂಬಯಿಯಲ್ಲಿ ಇಂಥ ಒಂದು ನಿಬಂಧನೆಯಿತ್ತು. ೧೮೬೩ರಲ್ಲಿ ಹತ್ತಿಯ ವಂಚನೆಯ ಕಾಯಿದೆಯೆಂದು ಇನ್ನೂ ಬಿಗಿಯಾದದ್ದು ಬಂದಿತು. ಹತ್ತಿ ಒತ್ತುವ ಯಂತ್ರಗಳಿಗೆ ಪರವಾನಿಗೆ, ಗಾಂಟುಗಳಿಗೆ ಗುರುತು, ತಪಾಸಣೆಗೆ ಅಧಿಕಾರಿಗಳು. ಆದರೆ ಕಾಯಿದೆಯು ಮುಂಬಯಿ ಇಲಾಖೆಯದು; ನಡುವೆ ಇದ್ದ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು. ಎರೆಯ ಹೊಲಕ್ಕೆ ಗಡಿ ಗೊತ್ತಿಲ್ಲ, ಕಾಯಿದೆಗೆ ಮಾತ್ರ ಗೊತ್ತು. ೧೮೬೫ರಲ್ಲಿ ಅಮೇರಿಕೆಯ ಯುದ್ಧ ಮುಗಿದು ಬೆಲೆ ಕುಸಿಯಿತು. ಮುಂಬಯಿಯಲ್ಲಿ ಹೆಸರಾಂತ ಮನೆತನಗಳು ದಿವಾಳಿ ತೆಗೆದವು. ಅವುಗಳ ಕಥೆಯನ್ನು ಇತಿಹಾಸವು ಬರೆದಿಟ್ಟಿದೆ. ಬೆಲೆ ಏರುವದೆಂದು ನಂಬಿ ಸಾಲ ಮಾಡಿದ ಚಿಕ್ಕ ಒಕ್ಕಲಿಗನ ಕಥೆಯು ಸಾವಕಾರನ ಖಾತೆಕಿರ್ದಿಯಲ್ಲಿಯೇ ಉಳಿಯಿತು.

ಮುಂದೆ ದಾರಿಗಳು ತ್ವರೆಯಾದವು. ೧೮೬೯ರಲ್ಲಿ ಸುಯೇಜ ಕಾಲುವೆ, ೧೮೭೦ರಲ್ಲಿ ಮುಂಬಯಿ-ಲಂಡನ್ನುಗಳ ನಡುವೆ ಕಡಲ ತಂತಿ. ೧೮೮೨ರಲ್ಲಿ ದಕ್ಷಿಣ ಮರಾಠಾ ರೇಲ್ವೆ ಕಂಪನಿಯು ಸ್ಥಾಪಿತವಾಗಿ, ಆ ದಶಕದಲ್ಲಿಯೇ ಹುಬ್ಬಳ್ಳಿ, ಅಣ್ಣಿಗೇರಿ, ಗದಗುಗಳಿಗೆ ಹಳಿ ಬಂದಿತು. ಅರಳೆಯು ಘಟ್ಟವಿಳಿಯುವದನ್ನು ಬಿಟ್ಟು ರೇಲ್ವೆಯನ್ನೇರಿತು. ಕುಮಟೆಯ ಬಂದರು ಬಡವಾಯಿತು, ಆದರೂ ಅದರ ಹೆಸರು ಹತ್ತಿಗೆ ಬಹುಕಾಲ ಅಂಟಿಕೊಂಡೇ ಇತ್ತು. ೧೯೨೫ರ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರಖಾನೆಗಳ ಕಾಯಿದೆಯು ಪ್ರತಿಯೊಂದು ಗಾಂಟಿಗೆ ಒತ್ತಿದ ಕಾರಖಾನೆಯ ಗುರುತನ್ನೂ ಅನುಕ್ರಮ ಸಂಖ್ಯೆಯನ್ನೂ ಕಡ್ಡಾಯ ಮಾಡಿತು. ಹೀಗೆ ಗಾಂಟಿನ ಮೇಲೆ ಕಾರಖಾನೆಯ ಗುರುತಾದರೂ ಬಂದಿತು. ಹೊಲದ ಹೆಸರು ಆಗಲೂ ಬರಲಿಲ್ಲ.

ಈಗ ಮೊದಲು ಹೇಳಿದ ಜಮಖಾನೆಗೆ ಮರಳೋಣ. ನವಿಲು, ಪಗಡೆಯ ಹಾಸುಗಳ ಚಿತ್ರವುಳ್ಳ ಈ ಹತ್ತಿಯ ಜಮಖಾನೆಯ ನೇಯ್ಗೆಯು ಹೆಂಗಸರ ಕೈಯ ವಿದ್ಯೆ. ಇಂದು ಅದನ್ನು ಬಲ್ಲ ಕೈಗಳು ಬೆರಳೆಣಿಕೆಗೆ ಇಳಿಯುತ್ತಿವೆ. ೨೦೧೧ರಲ್ಲಿ 'ನವಲಗುಂದ ಜಮಖಾನೆ'ಯು ಭೌಗೋಳಿಕ ಸೂಚಿಕೆಯ ಕಾಯಿದೆಯ ಮೇರೆಗೆ ರಕ್ಷಣೆಯನ್ನು ಪಡೆಯಿತು. ಬೇರೆ ಊರಿನ ಮಾಲನ್ನು ಈ ಹೆಸರಿನಿಂದ ಮಾರಲಾಗದು. ಹತ್ತಿಗೆ ನೂರು ವರ್ಷಗಳಲ್ಲಿ ದೊರೆಯದ್ದು ಜಮಖಾನೆಗೆ ದೊರೆಯಿತು: ಬಂದರಿನದಲ್ಲ, ಕಾರಖಾನೆಯದಲ್ಲ, ಹುಟ್ಟಿದ ಊರಿನ ಹೆಸರು. ೨೦೨೨ರ ಕೊನೆಗೆ ಅಂಚೆಯ ಇಲಾಖೆಯು 'ಡಾಕ್ ಘರ್ ನಿರ್ಯಾತ ಕೇಂದ್ರ'ಗಳನ್ನು ತೆರೆದು, ಸುಂಕದ ಘೋಷಣಾಪತ್ರವನ್ನು ಗಣಕಯಂತ್ರದ ಮೂಲಕವೇ ತುಂಬಿ ಕಳಿಸುವ ಅನುಕೂಲತೆಯನ್ನು ಮಾಡಿತು. ನಿರ್ಯಾತಕ್ಕೆ ಬೇಕಾದ ಸಂಕೇತ ಸಂಖ್ಯೆಯೊಂದನ್ನು ಪಡೆದವರು ಹತ್ತಿರದ ಅಂಚೆಯ ಕೇಂದ್ರದಿಂದಲೇ ಕಟ್ಟನ್ನು ಕಳಿಸಬಹುದು. ಅದರ ಮೇಲೆ ಕಳಿಸಿದವರ ಹೆಸರು, ಊರು ಇರುವವು.

ಆದರೆ ಹೆಸರು ಹೋದರೆ ಎಲ್ಲವೂ ಆಯಿತೆಂದು ತಿಳಿಯಬಾರದು. ೧೮೬೫ರಲ್ಲಿ ದೂರದ ಯುದ್ಧವು ಮುಗಿದುದರಿಂದ ಇಲ್ಲಿಯ ಒಕ್ಕಲಿಗನು ಬಿದ್ದನು. ೨೦೨೫ರ ಆಗಸ್ಟ ೨೯ರಿಂದ ಅಮೇರಿಕೆಯು ೮೦೦ ಡಾಲರವರೆಗಿನ ಚಿಕ್ಕ ಕಟ್ಟುಗಳಿಗಿದ್ದ ಸುಂಕದ ವಿನಾಯಿತಿಯನ್ನು ತೆಗೆದುಹಾಕಿದಾಗ ನಮ್ಮ ಅಂಚೆಯು ಆ ದೇಶಕ್ಕೆ ಸರಕಿನ ಕಟ್ಟುಗಳನ್ನು ಒಯ್ಯುವದನ್ನು ನಿಲ್ಲಿಸಿ, ಅಕ್ಟೋಬರದ ನಡುವಿನಲ್ಲಿ ಮತ್ತೆ ಪ್ರಾರಂಭಿಸಿತು. ಆ ವಾರಗಳ ಕಷ್ಟವು ದೊಡ್ಡ ವರ್ತಕನಿಗೆ ಲೆಕ್ಕದ ಒಂದು ಸಾಲು. ನಾಲ್ಕು ಕಟ್ಟು ಕಳಿಸುವವರಿಗೆ ಅದೇ ತಿಂಗಳ ಅನ್ನ. ಇನ್ನೊಂದು ಮಾತು. ಹೆಸರು ಹೊತ್ತು ಹೋದ ಸರಕು ದೂರನ್ನೂ ಹೊತ್ತು ತರುವದು. ಹರಿದ ಜಮಖಾನೆಯೊಂದು ತಿರುಗಿ ಬಂದರೆ ಸಾಗಣೆಯ ವೆಚ್ಚವನ್ನು ನೇಯ್ದವಳೊಬ್ಬಳೇ ತಾಳಲಾರಳು. ಹಿಂದಿನವರಿಗೆ ಹೆಸರಿರಲಿಲ್ಲ, ಇಂದಿನವರಿಗೆ ಹೆಸರಿದೆ, ಬೆನ್ನಿಗೆ ಬಲವಿಲ್ಲ.

ಆದುದರಿಂದ ನಮ್ಮ ತಾಲೂಕುಗಳ ಸಂಘ-ಸಂಸ್ಥೆಗಳು ಮಾಡತಕ್ಕ ಕೆಲಸವು ಸ್ಪಷ್ಟವಿದೆ. ಕಾಗದಪತ್ರಗಳನ್ನು ಬರೆದುಕೊಡುವದು, ಮಾಲನ್ನು ಕಳಿಸುವ ಮೊದಲು ಪರೀಕ್ಷಿಸುವದು, ತಿರುಗಿ ಬಂದ ಮಾಲಿನ ಹಾನಿಯನ್ನು ಹತ್ತು ಜನರಲ್ಲಿ ಹಂಚಿಕೊಳ್ಳುವದು: ಇವು ಸಹಕಾರದಿಂದ ಆಗತಕ್ಕವು. ಹಿಂದೆ ಹತ್ತು ಜನರ ಹತ್ತಿಯು ಒಂದೇ ರಾಶಿಗೆ ಬಿದ್ದು ಎಲ್ಲರ ಹೆಸರೂ ಅಳಿಯಿತು. ಈಗ ಹತ್ತು ಜನರು ತಂತಮ್ಮ ಹೆಸರನ್ನಿಟ್ಟುಕೊಂಡೇ ಒಂದಾಗಲಿ. ಹಾಗಾದರೆ ಎರೆಸೀಮೆಯ ಸರಕು ಕಡಲಾಚೆಯಲ್ಲಿ ಇಳಿಯುವಾಗ ಅದರ ಸಂಗಡ ನಮ್ಮ ಊರೂ ಇಳಿದೀತು.