ಬ್ರೇಕು ನಡುಗಿದಾಗ

ಗಾಡಿಯನ್ನು ಓಡಿಸುವ ವಿದ್ಯೆಯನ್ನು ಕುರಿತು ನಾವು ಎಷ್ಟೋ ಮಾತನಾಡುತ್ತೇವೆ. ನಿಲ್ಲಿಸುವ ವಿದ್ಯೆಯನ್ನು ಕುರಿತು ಮಾತನಾಡುವುದು ಬಹಳ ಕಡಮೆ. ಎಂಜಿನ್ನಿಗೆ ಎಷ್ಟು ಕುದುರೆಗಳ ಬಲವುಂಟೆಂದು ವಿಚಾರಿಸಿ ಕಾರು ಕೊಂಡ ಗೃಹಸ್ಥರು ಬ್ರೇಕನ್ನು ನೆನೆಯುವುದು ಅದು ಕಿರುಚಿದಾಗ, ಇಲ್ಲವೆ ನಡುಗಿದಾಗ. ಹೆದ್ದಾರಿಯಲ್ಲಿ ಬರುತ್ತಿರುತ್ತೀರಿ, ದನವೊಂದು ಅಡ್ಡ ಬರುತ್ತದೆ, ಬ್ರೇಕು ಒತ್ತುತ್ತೀರಿ. ಗಾಡಿ ನಿಧಾನವಾಗುತ್ತದೆ ನಿಜ, ಆದರೆ ಕಾಲ ಕೆಳಗಿನ ಪೆಡಲು ಮಿಡಿಯುತ್ತದೆ, ಕೈಯಲ್ಲಿರುವ ಸ್ಟಿಯರಿಂಗ್ ಚಕ್ರ ಅದುರುತ್ತದೆ. ಮಾರನೆಯ ದಿನ ಗ್ಯಾರೇಜಿಗೆ ಒಯ್ದರೆ ಸಾಮಾನ್ಯವಾಗಿ ಸಿಕ್ಕುವ ಉತ್ತರ ಒಂದೇ: “ಡಿಸ್ಕು ಬೆಂಡಾಗಿದೆ ಸ್ವಾಮಿ, ಬದಲಾಯಿಸಬೇಕು.” ಈ ತೀರ್ಪನ್ನು ಒಪ್ಪುವ ಮುನ್ನ ಬ್ರೇಕಿನ ಚರಿತ್ರೆಯನ್ನು ತುಸು ತಿಳಿದುಕೊಳ್ಳುವುದು ಲೇಸು.

ಬ್ರೇಕಿನ ಮೂಲತತ್ವ ಸರಳವಾದುದು. ಓಡುವ ಗಾಡಿಯಲ್ಲಿ ಅಡಗಿರುವ ಶಕ್ತಿ, ಗಾಡಿ ನಿಲ್ಲುವ ಹೊತ್ತಿಗೆ ಶಾಖವಾಗಿ ಹೊರಹೋಗಬೇಕು. ಒಂದು ಸಾವಿರ ಕಿಲೋಗ್ರಾಂ ತೂಕದ ಕಾರು ಗಂಟೆಗೆ 80 ಕಿಲೋಮೀಟರು ವೇಗದಿಂದ ಬಂದು ನಿಂತರೆ, ಸುಮಾರು ಮುಕ್ಕಾಲು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಹುಟ್ಟುತ್ತದೆ. ಅದು ಹುಟ್ಟುವುದು ಕೆಲವೇ ಕ್ಷಣಗಳಲ್ಲಿ, ಅಂಗೈಯಗಲದ ಕೆಲವು ತುಂಡುಗಳ ಮೇಲೆ. ಆ ಬೇಗೆಯನ್ನು ತಾಳಿಕೊಳ್ಳುವ, ಆದರೂ ಹಿಡಿತ ಬಿಡದ ಎರಡು ವಸ್ತುಗಳ ಜೋಡಿಯನ್ನು ಹುಡುಕುವುದೇ ಬ್ರೇಕಿನ ಚರಿತ್ರೆಯೆಲ್ಲ.

ಇಂಗ್ಲೆಂಡಿನ ಡರ್ಬಿಷೈರ್ ಗುಡ್ಡಗಾಡಿನ ಪ್ರದೇಶ. ಅಲ್ಲಿನ ಇಳಿಜಾರುಗಳಲ್ಲಿ ಬಂಡಿ ಹೊಡೆಯುವವರು ಬ್ರೇಕಿನ ಕೊರಡಿಗೆ ಹಳೆಯ ಬೂಟನ್ನು ಕಟ್ಟುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬಾತ ನೋಡಿದನೆಂದು ಹೇಳುತ್ತಾರೆ. ಇದಕ್ಕಿಂತ ಒಳ್ಳೆಯ ವಸ್ತುವನ್ನು ಮಾಡಬಾರದೇಕೆ ಎಂದು ಯೋಚಿಸಿ ಅವನು 1897ರಲ್ಲಿ ಕೆಲಸಕ್ಕೆ ತೊಡಗಿದ. ಹತ್ತಿಯ ನೇಯ್ಗೆಗೆ ಅಂಟುಗಳನ್ನು ಊಡಿಸಿ ಬ್ರೇಕಿನ ಮೈಗೆ ಹೊದಿಸಿದ. ಅವನ ಹೆಸರಿನ ಅಕ್ಷರಗಳನ್ನು ತಿರುವಿ, ಹೆಂಡತಿ ಎಲಿಜಬೆತ್‌ಳ ಹೆಸರಿನ ಮೊದಲಕ್ಷರವನ್ನು ಸೇರಿಸಿದಾಗ ಹುಟ್ಟಿದ್ದೇ ‘ಫೆರೋಡೊ’ ಎಂಬ ಪ್ರಸಿದ್ಧ ನಾಮ.

ಅತ್ತ ಬರ್ಮಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಮೇಧಾವಿ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಚಕ್ರದೊಡನೆ ತಿರುಗುವ ತೆಳು ಲೋಹದ ತಟ್ಟೆಯೊಂದನ್ನು ಅಂಚಿನಲ್ಲಿ ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿಯುವುದು ಅವನ ಉಪಾಯ. ಉಪಾಯ ಸೊಗಸಾಗಿತ್ತು; ಜೋಡಿ ಮಾತ್ರ ಕೂಡಲಿಲ್ಲ. ಹಿಡಿಯುವ ಮೈಗೆ ಅವನು ಹಾಕಿದ್ದು ತಾಮ್ರ. ಲೋಹಕ್ಕೆ ಲೋಹ ತೀಡಿ ಬೀದಿಯೆಲ್ಲ ಕಿರುಚಾಟ; ಧೂಳಿನ ರಸ್ತೆಯಲ್ಲಿ ತಾಮ್ರ ಬೇಗನೆ ಸವೆದೂ ಹೋಗುತ್ತಿತ್ತು. ಅದೇ 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ರೂಪಿಸಿದ ಡ್ರಮ್ ಬ್ರೇಕು ಲೋಕಕ್ಕೆ ಒಪ್ಪಿಗೆಯಾಯಿತು. ಮುಂದಿನ ಐವತ್ತು ವರ್ಷ ಡ್ರಮ್ಮಿನದೇ ರಾಜ್ಯಭಾರ. ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಿದ ಹಳೆಯ ಅಂಬಾಸಿಡರ್, ಫಿಯೆಟ್ ಕಾರುಗಳ ನಾಲ್ಕು ಚಕ್ರಗಳಿಗೂ ಡ್ರಮ್ಮೇ ಇತ್ತು.

ಡ್ರಮ್ಮಿಗೆ ಒಂದು ಹುಟ್ಟುದೋಷವುಂಟು. ಕಾದಾಗ ಅದು ಹಿಗ್ಗಿ, ಒಳಗಿನಿಂದ ಒತ್ತುವ ಷೂಗಳಿಂದ ದೂರ ಸರಿಯುತ್ತದೆ. ಆಗುಂಬೆಯಂಥ ಘಾಟಿಯನ್ನು ಬ್ರೇಕು ಒತ್ತಿಕೊಂಡೇ ಇಳಿದರೆ ಪೆಡಲು ಕೆಳಕೆಳಗೆ ಇಳಿಯುತ್ತ ಹೋಗುವುದಕ್ಕೆ ಇದೂ ಒಂದು ಕಾರಣ. ಡಿಸ್ಕಾದರೋ ಗಾಳಿಗೆ ಮೈಯೊಡ್ಡಿಕೊಂಡಿರುತ್ತದೆ. ಕಾದು ದಪ್ಪವಾದರೆ ಪ್ಯಾಡಿನ ಕಡೆಗೇ ಬರುತ್ತದೆ. ಈ ಗುಣ ಲೋಕಕ್ಕೆ ಕಂಡದ್ದು 1953ರಲ್ಲಿ, ಫ್ರಾನ್ಸಿನ ಲ್ಮಾನ್ಸ್ ಊರಿನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ. ಡನ್‌ಲಪ್ ಡಿಸ್ಕ್ ಬ್ರೇಕುಗಳಿದ್ದ ಜಾಗ್ವಾರ್ ಕಾರಿನಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಅವರ ಸರಾಸರಿ ವೇಗ ಗಂಟೆಗೆ 160 ಕಿಲೋಮೀಟರನ್ನು ಮೀರಿತ್ತು; ಅಲ್ಲಿಯವರೆಗೆ ಆ ಪಂದ್ಯದಲ್ಲಿ ಯಾರೂ ಅದನ್ನು ಸಾಧಿಸಿರಲಿಲ್ಲ. 1955ರಲ್ಲಿ ಸಿಟ್ರೋಯೆನ್ ಡಿ.ಎಸ್. ಕಾರು ಡಿಸ್ಕನ್ನು ಸಂಸಾರಸ್ಥರ ಮನೆಗೂ ತಂದಿತು.

ಲ್ಯಾಂಚೆಸ್ಟರನ ತಾಮ್ರಕ್ಕೆ ಬದಲಾಗಿ ಬಂದದ್ದು ಫ್ರೂಡ್ ಬಳಕೆಗೆ ತಂದ ಕಲ್ನಾರು. ಬೆಂಕಿಗೆ ಹೆದರದ ನಾರು. ಆದರೆ ಅದರ ದೂಳು ಮನುಷ್ಯರ ಶ್ವಾಸಕೋಶಕ್ಕೆ ಮೃತ್ಯು. ರಾಕ್‌ಡೇಲಿನ ಗಿರಣಿಯಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಷಾ 1924ರಲ್ಲಿ ತೀರಿಕೊಂಡಾಗ ವೈದ್ಯರು ಆ ದೂಳನ್ನೇ ಕಾರಣವೆಂದು ಬರೆದರು. ಬ್ರಿಟನ್ ಅದನ್ನು ಪೂರ್ತಿಯಾಗಿ ನಿಷೇಧಿಸಿದ್ದು 1999ರಲ್ಲಿ. ಆದುದರಿಂದ ನಿಮ್ಮ ಚಕ್ರ ಬಿಚ್ಚಿದ ಹುಡುಗ ಬ್ರೇಕಿನ ದೂಳನ್ನು ಬಾಯಿಂದಲೋ ಗಾಳಿಯ ಕೊಳವೆಯಿಂದಲೋ ಊದಹೊರಟರೆ ದಯವಿಟ್ಟು ತಡೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಲಿ. ಅದು ಅವನ ಆಯುಷ್ಯದ ಪ್ರಶ್ನೆ.

ಈಗ ನಡುಕದ ವಿಚಾರಕ್ಕೆ ಬರೋಣ. ಒಳ್ಳೆಯ ಜೋಡಿಯಲ್ಲಿ ಪ್ಯಾಡು ತನ್ನ ಮೈಯ ತೆಳುವಾದ ಲೇಪವೊಂದನ್ನು ಡಿಸ್ಕಿನ ಮೇಲೆ ಸಮನಾಗಿ ಹಚ್ಚುತ್ತದೆ. ಹಿಡಿತಕ್ಕೆ ಆ ಲೇಪ ಬೇಕು. ಅದು ಒಂದೆಡೆ ದಪ್ಪ, ಒಂದೆಡೆ ತೆಳುವಾದರೆ ಪ್ಯಾಡು ಏರಿಳಿಯುತ್ತದೆ; ಪೆಡಲು ನಿಮ್ಮ ಕಾಲನ್ನು ಒದೆಯುತ್ತದೆ. 80 ಕಿಲೋಮೀಟರು ವೇಗದಲ್ಲಿ ಚಕ್ರ ಸೆಕೆಂಡಿಗೆ ಹನ್ನೊಂದು ಹನ್ನೆರಡು ಸುತ್ತು ತಿರುಗುವುದರಿಂದ, ಒಂದೇ ಉಬ್ಬು ಅಷ್ಟು ಸಲ ಗುದ್ದುತ್ತದೆ. ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದ ವ್ಯತ್ಯಾಸವೂ ಸಾಕು. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ತಿಳಿಯುತ್ತದೆ. ಅಮೆರಿಕದ ಪಂದ್ಯಗಾಡಿಗಳ ಎಂಜಿನಿಯರಾಗಿದ್ದ ಕ್ಯಾರಲ್ ಸ್ಮಿತ್, ಡಿಸ್ಕು ಬಾಗಿತೆಂದು ಜನ ಹೇಳುವುದು ಬಹುಪಾಲು ಇಂಥ ಅಸಮ ಲೇಪವನ್ನೇ ಎಂದು ಬರೆದಿದ್ದಾರೆ. ಉಬ್ಬಿದ ಜಾಗ ಮತ್ತೆ ಮತ್ತೆ ಅತಿಯಾಗಿ ಕಾದರೆ ಅಲ್ಲಿನ ಬೀಡುಕಬ್ಬಿಣದ ಗುಣವೇ ಮಾರ್ಪಟ್ಟು ಗಡುಸಾದ ಗಂಟಾಗುತ್ತದೆ. ಆಮೇಲೆ ಅದನ್ನು ಲೇತಿನಲ್ಲಿ ಸವರಿಸಿದರೂ ನಡುಕ ಮರಳಿ ಬರಬಹುದು.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು ಬ್ರೇಕು ಒತ್ತದೆಯೂ ನಡುಕವುಂಟೋ ನೋಡಿ. ಉಂಟಾದರೆ ಮೊದಲು ಟೈರು ಮತ್ತು ಚಕ್ರದ ಸಮತೂಕವನ್ನು ಸಂಶಯಿಸಬೇಕು. ಒತ್ತಿದಾಗ ಮಾತ್ರ ಸ್ಟಿಯರಿಂಗ್ ಅದುರಿದರೆ ಮುಂದಿನ ಚಕ್ರಗಳ ಕಡೆ ಗಮನವಿರಲಿ. ಆಸನ ಅದುರಿದರೆ ಹಿಂದಿನವುಗಳ ಕಡೆ. ಥಟ್ಟನೆ ಬಲವಾಗಿ ಒತ್ತಿದಾಗ ಎ.ಬಿ.ಎಸ್. ಇರುವ ಕಾರಿನಲ್ಲಿ ಪೆಡಲು ಗಡಗಡಿಸುವುದು ದೋಷವಲ್ಲ, ಅದರ ಧರ್ಮ. ಚಕ್ರ ಬಿಚ್ಚಿ ಹಾಕಿದ ಮೇಲೆ ನಡುಕ ಶುರುವಾಗಿದ್ದರೆ ನಟ್ಟುಗಳನ್ನು ಒಂದೇ ಬಿಗಿತಕ್ಕೆ, ಎದುರುಬದುರಾಗಿ ಬಿಗಿಸಿದ್ದಾರೆಯೆ, ಡಿಸ್ಕಿಗೂ ಅದು ಕುಳಿತ ಹಬ್ಬಿಗೂ ನಡುವೆ ತುಕ್ಕು ಸಿಕ್ಕಿಕೊಂಡಿದೆಯೆ ಎಂದು ಕೇಳಿ. ಇವು ಹೆಚ್ಚು ಖರ್ಚಿಲ್ಲದೆ ತೀರುವ ಕೆಲಸಗಳು.

ಆಮೇಲೆ ಅಳತೆ. ಡಿಸ್ಕು ಎಷ್ಟು ಸವೆಯಬಹುದೆಂಬ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತಾರೆ. ಮೈಕ್ರೋಮೀಟರಿನಿಂದ ಸುತ್ತಲೂ ಏಳೆಂಟು ಕಡೆ ಅಳೆಯಲು ಹೇಳಿ. ದಪ್ಪ ಆ ಗೆರೆಗಿಂತ ಕೆಳಗಿಳಿದಿದ್ದರೆ, ಬಿರುಕು ಬಿಟ್ಟಿದ್ದರೆ, ಆಳವಾದ ಗೀರುಗಳಿದ್ದರೆ ಡಿಸ್ಕನ್ನು ಬದಲಿಸಲೇಬೇಕು. ಅಲ್ಲಿ ಉಳಿತಾಯದ ಮಾತು ಸಲ್ಲದು. ಪ್ಯಾಡಿನ ಮೈ ಮೂರು ಮಿಲಿಮೀಟರಿಗೆ ಇಳಿದರೆ ಅದರ ಕಾಲ ತೀರಿತು. ಯಾವುದನ್ನೇ ಬದಲಿಸಿದರೂ ಎಡಬಲಗಳ ಜೋಡಿಯಾಗಿ ಬದಲಿಸಬೇಕು. ಹೊಸ ಡಿಸ್ಕಿಗೆ ಹಳೆಯ ಪ್ಯಾಡು ಹಾಕುವುದು ಹೊಸ ನಡುಕಕ್ಕೆ ಆಹ್ವಾನ.

ಹೊಸ ಜೋಡಿಯನ್ನು ಪಳಗಿಸುವುದೂ ಮುಖ್ಯ. ಬರಿದಾದ ರಸ್ತೆಯಲ್ಲಿ 60ರ ವೇಗದಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಹದವಾಗಿ ಎಂಟುಹತ್ತು ಸಲ ಇಳಿಸಿ, ಆಮೇಲೆ ಬ್ರೇಕು ಮುಟ್ಟದೆ ತುಸು ದೂರ ಓಡಿಸಿ ತಣಿಯಗೊಡಿ. ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಘಾಟಿಯಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ. ಇಳಿದು ನಿಂತ ಮೇಲೆ ಕಾದ ಬ್ರೇಕನ್ನು ಬಿಗಿಯಾಗಿ ಒತ್ತಿ ಹಿಡಿದರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಬೀಳಬಹುದು.

ಮುಂದೊಂದು ದಿನ ಗ್ಯಾರೇಜಿನಲ್ಲಿ “ಡಿಸ್ಕು ಬೆಂಡಾಗಿದೆ” ಎಂಬ ಮಾತು ಬಂದಾಗ ಸಿಟ್ಟಾಗಬೇಡಿ, ಸುಮ್ಮನೆ ಒಪ್ಪಲೂ ಬೇಡಿ. “ಅಳತೆ ಎಷ್ಟು ಬಂತಪ್ಪ?” ಎಂದು ಕೇಳಿ. ಅಳೆಯದೆ ಬದಲಿಸಿದರೆ ಹಣ ಹೋಗುತ್ತದೆ. ಅಳೆಯದೆ ಮುಂದಕ್ಕೆ ಹಾಕಿದರೆ, ಗಾಡಿಯಲ್ಲಿ ಕುಳಿತ ಮಕ್ಕಳ ಜೀವವನ್ನು ಪಣಕ್ಕಿಟ್ಟಂತಾಗುತ್ತದೆ.