ಇರುಳೂಟ, ದುಃಸ್ವಪ್ನ ಮತ್ತು ಸ್ವಪ್ನವಿವೇಕ

ಮಲಗುವ ಮುನ್ನ ಹೊಟ್ಟೆ ಬಿರಿಯ ಉಂಡರೆ ಕೆಟ್ಟ ಕನಸು ಬೀಳುತ್ತದೆಂಬ ನಂಬಿಕೆ ಹಲವು ನಾಡುಗಳಲ್ಲಿದೆ. ಈ ನಂಬಿಕೆಯ ಹಿಂದಿರುವ ದೇಹ-ಸ್ವಪ್ನಗಳ ಸಂಬಂಧವನ್ನು ಭಾರತೀಯ ಶಾಸ್ತ್ರಕಾರರು ಬಹು ಹಿಂದೆಯೇ ವಿಚಾರಿಸಿದ್ದಾರೆ. ಯಾವ ಕನಸಿಗೆ ಅಂಜಬೇಕು, ಯಾವುದನ್ನು ಕಡೆಗಣಿಸಬೇಕು ಎಂಬ ವಿವೇಕಕ್ಕೆ ಆ ವಿಚಾರವು ಆಧಾರವಾಯಿತು.

ಚರಕಸಂಹಿತೆಯ ಇಂದ್ರಿಯಸ್ಥಾನವು ಕನಸುಗಳನ್ನು ದೃಷ್ಟ, ಶ್ರುತ, ಅನುಭೂತ, ಪ್ರಾರ್ಥಿತ, ಕಲ್ಪಿತ, ಭಾವಿಕ, ದೋಷಜ ಎಂದು ಏಳು ಬಗೆಯಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಮೊದಲ ಐದು ನಿಷ್ಫಲ. ಪ್ರಬಲಗೊಂಡ ವಾತ, ಪಿತ್ತ, ಕಫಗಳು ಮನೋವಹ ಸ್ರೋತಸ್ಸುಗಳನ್ನು ತುಂಬಿದಾಗ ಮನುಷ್ಯನು ದಾರುಣವಾದ ಕನಸುಗಳನ್ನು ಕಾಣುತ್ತಾನೆ. ಅತಿಯಾದ ಆಹಾರವು ಮೂರು ದೋಷಗಳನ್ನೂ ಕೆರಳಿಸುತ್ತದೆಂದು ಅದೇ ಗ್ರಂಥದ ವಿಮಾನಸ್ಥಾನ ಹೇಳುತ್ತದೆ. ಈ ಎರಡು ಮಾತುಗಳನ್ನು ಜೋಡಿಸಿದರೆ ಊಟದಿಂದ ದುಃಸ್ವಪ್ನದವರೆಗಿನ ಕಾರಣಸರಣಿ ಸ್ಪಷ್ಟವಾಗುತ್ತದೆ.

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಭರತ ಚಕ್ರವರ್ತಿಯ ಅಶುಭ ಸ್ವಪ್ನಗಳ ಪ್ರಸಂಗದಲ್ಲಿ ಇನ್ನೊಂದು ಹೆಜ್ಜೆ ಮುಂದಿಡುತ್ತಾರೆ. ಅವರ ಪ್ರಕಾರ ಧಾತುಗಳು ಸಮವಾಗಿರುವ ಸ್ವಸ್ಥನ ಕನಸು ತಥ್ಯ. ಧಾತುವೈಷಮ್ಯವುಳ್ಳ ಅಸ್ವಸ್ಥನದು ಮಿಥ್ಯ. ಹೊಟ್ಟೆಯ ತೊಳಲಾಟದಿಂದ ಹುಟ್ಟಿದ ಕನಸಿಗೆ ಫಲ ಹುಡುಕುವ ಅಗತ್ಯವೇ ಇಲ್ಲವೆಂಬುದು ಇದರ ಇಂಗಿತ.

ಈ ವಿವೇಕ ತಪ್ಪಿದರೆ ಆಗುವ ಅನಾಹುತವನ್ನು ಜನ್ನನ 'ಯಶೋಧರ ಚರಿತೆ' (ಕ್ರಿ.ಶ. 1209) ತೋರಿಸುತ್ತದೆ. ಯಶೋಧರನು ತಾಯಿಗೆ ಹೇಳುವ ದುಃಸ್ವಪ್ನ ಕಟ್ಟುಕತೆ. ಚಂದ್ರಮತಿಯು ಅದನ್ನು ಅಪಶಕುನವೆಂದು ನಂಬಿ ಚಂಡಮಾರಿಗೆ ಬಲಿ ಕೊಡಬೇಕೆನ್ನುತ್ತಾಳೆ. ಕೊನೆಗೆ ಒಪ್ಪಿತವಾದ ಹಿಟ್ಟಿನ ಕೋಳಿಯ ಬಲಿಯೂ ಸಂಕಲ್ಪಹಿಂಸೆಯಾಗಿ, ತಾಯಿ ಮಗನನ್ನು ಭವಾಂತರಗಳಲ್ಲಿ ಅಲೆಸುತ್ತದೆ.

ಜೈನರ ರಾತ್ರಿಭೋಜನ ತ್ಯಾಗವನ್ನು ಸ್ವಪ್ನಭಯದೊಡನೆ ಬೆರೆಸಬಾರದು. ಅಮೃತಚಂದ್ರರ 'ಪುರುಷಾರ್ಥಸಿದ್ಧ್ಯುಪಾಯ' ಅದಕ್ಕೆ ಕೊಡುವ ಕಾರಣಗಳು ಹಿಂಸೆ ಮತ್ತು ರಾಗ. ಆರೋಗ್ಯದ ಲಾಭ ದೊರೆತರೆ ಅದು ಆನುಷಂಗಿಕ.

ಊಟಕ್ಕೂ ಕನಸಿಗೂ ಇರುವ ನಂಟನ್ನು ಇಂದಿನ ಮನೋವಿಜ್ಞಾನವೂ ಪರಿಶೀಲಿಸಿದೆ. ಕೆನಡಾದ ಸಂಶೋಧಕರಾದ ಟೋರ್ ನೀಲ್ಸನ್ ಮತ್ತು ರಸೆಲ್ ಪೊವೆಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 396 ವಿದ್ಯಾರ್ಥಿಗಳ ಪೈಕಿ ಶೇ. 18ರಷ್ಟು ಮಂದಿ ಮಾತ್ರ ಆಹಾರವು ತಮ್ಮ ಕನಸನ್ನು ಬದಲಿಸುತ್ತದೆಂದರು. ಹೆಚ್ಚಿನ ದೂರು ಹಾಲಿನ ಪದಾರ್ಥಗಳ ಮೇಲಿತ್ತು. ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೊಳಗೊಂಡ 2025ರ ಅಧ್ಯಯನವು ಹಾಲು ಜೀರ್ಣವಾಗದಿರುವುದಕ್ಕೂ ದುಃಸ್ವಪ್ನದ ತೀವ್ರತೆಗೂ ಸಂಬಂಧವನ್ನು ಗುರುತಿಸಿತು. ಹೊಟ್ಟೆಯ ಬಾಧೆ ನಿದ್ರೆಯನ್ನು ಕದಡುವುದೇ ಇದಕ್ಕೆ ಕಾರಣವಿರಬೇಕೆಂಬುದು ಸಂಶೋಧಕರ ಊಹೆ. ಇವು ಸಮೀಕ್ಷೆಗಳಾದ್ದರಿಂದ ಸಂಬಂಧವನ್ನಷ್ಟೇ ಸೂಚಿಸುತ್ತವೆ, ಕಾರಣವನ್ನು ಸಿದ್ಧಪಡಿಸುವುದಿಲ್ಲ.

ಧಾತುವೈಷಮ್ಯದ ಪರಿಭಾಷೆ ಇಂದು ಬದಲಾಗಿರಬಹುದು. ಆದರೆ ಇರುಳು ಬೆಚ್ಚಿ ಎದ್ದವನು ಬಲಿಪೀಠದತ್ತ ನೋಡುವ ಮೊದಲು ತನ್ನ ಊಟವನ್ನು ನೆನೆಯಬೇಕೆಂಬ ಜಿನಸೇನರ ಇಂಗಿತಕ್ಕೆ ಇನ್ನೂ ಬೆಲೆಯಿದೆ.