ಆರಂಭಿಕರ ಡಿಜೆ ಕಂಟ್ರೋಲರಿನಿಂದ ಮುಂದಿನ ಹೆಜ್ಜೆ: ಯಾವಾಗ, ಯಾವುದಕ್ಕೆ?

ನಮ್ಮ ಕುಟುಂಬಗಳ ಮದುವೆ, ಷಷ್ಟಿಪೂರ್ತಿ, ರಾಜ್ಯೋತ್ಸವದ ಸಂಜೆ ಮುಂತಾದ ಸಂದರ್ಭಗಳಲ್ಲಿ ಹಿಂದೆ ಟೇಪ್ ರೆಕಾರ್ಡರ್ ಮತ್ತು ಬಾಡಿಗೆಯ ಮೈಕ್‌ಸೆಟ್ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಲ್ಯಾಪ್‌ಟಾಪ್ ಮತ್ತು ಅದರ ಮುಂದಿರುವ ಚಿಕ್ಕ ಪೆಟ್ಟಿಗೆ ಮಾಡುತ್ತಿವೆ. ಆ ಪೆಟ್ಟಿಗೆಯ ಹಿಂದೆ ನಿಂತಿರುವವರು ಅನೇಕ ವೇಳೆ ನಮ್ಮ ಮನೆಯ ಮಕ್ಕಳೇ. ಹವ್ಯಾಸವಾಗಿ ಆರಂಭಿಸಿ, ನಾಲ್ಕಾರು ಕಡೆಗಳಿಂದ ಕರೆ ಬರತೊಡಗಿದಾಗ "ಇನ್ನು ದೊಡ್ಡ ಕಂಟ್ರೋಲರ್ ಬೇಕು" ಎಂಬ ಬೇಡಿಕೆ ಮನೆಯ ಹಿರಿಯರ ಮುಂದೆ ಬರುತ್ತದೆ. ಆ ಬೇಡಿಕೆಯನ್ನು ತೂಗಿ ನೋಡಬೇಕಾದ ಹಿರಿಯರಿಗೂ ಕಿರಿಯರಿಗೂ ಉಪಯೋಗವಾಗಲೆಂದು ಈ ಲೇಖನ.

ಮೊದಲು ಸಲಕರಣೆಯ ಪರಿಚಯ. ಡಿಜೆ ಎಂದರೆ ಎರಡು ಹಾಡುಗಳನ್ನು ಕಡಿಯದಂತೆ ಒಂದರೊಳಗೊಂದು ಬೆಸೆದು ನುಡಿಸುವವನು. 1972ರಲ್ಲಿ ಜಪಾನಿನ ಮತ್ಸುಶಿತ ಕಂಪನಿ ಹೊರತಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಗ್ರಾಮಫೋನ್ ತಟ್ಟೆಯಂತ್ರ ಬಹುಕಾಲ ಈ ಕಸುಬಿನ ಮುಖ್ಯ ಸಾಧನವಾಗಿತ್ತು. 2001ರಲ್ಲಿ ಪಯೋನಿಯರ್‌ನ ಸಿಡಿಜೆ-1000 ಬಂದ ಮೇಲೆ ಸಿಡಿ ಆ ಸ್ಥಾನಕ್ಕೆ ಬಂದಿತು. ಇಂದಿನ ಕಂಟ್ರೋಲರಿನಲ್ಲಿ ಹಾಡು ಇರುವುದಿಲ್ಲ; ಅದು ಲ್ಯಾಪ್‌ಟಾಪಿನಲ್ಲಿರುತ್ತದೆ. ಪೆಟ್ಟಿಗೆಯ ಮೇಲಿನ ಚಕ್ರ, ಗುಂಡಿ, ಜಾರುಪಟ್ಟಿಗಳು ರೆಕಾರ್ಡ್‌ಬಾಕ್ಸ್ ಅಥವಾ ಸೆರಾಟೋ ಎಂಬ ತಂತ್ರಾಂಶಕ್ಕೆ ಆಜ್ಞೆ ಕೊಡುತ್ತವೆ. ಹಾಗೆಯೇ ಅಂಕಿಗಳ ರೂಪದಲ್ಲಿರುವ ಹಾಡನ್ನು ಧ್ವನಿಯ ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಸ್ಪೀಕರಿನ ಕಡೆಗೆ ಕಳುಹಿಸುವ ಭಾಗವೂ ಅದೇ ಪೆಟ್ಟಿಗೆಯೊಳಗಿದೆ. ಕೊಳ್ಳುವವರು ಮೇಲಿನ ಗುಂಡಿಗಳನ್ನು ನೋಡುತ್ತಾರೆ. ಆದರೆ ಸಮಾರಂಭದ ಮಟ್ಟಿಗೆ ನಿರ್ಣಾಯಕವಾಗುವುದು ಪೆಟ್ಟಿಗೆಯ ಹಿಂಭಾಗ. ಇದನ್ನು ನಾನು ಅರಿತದ್ದು ಒಂದು ಕಹಿ ಸಂಜೆಯಲ್ಲಿ.

ತಿರುವನಂತಪುರದ ಪಟ್ಟಂ ಬಡಾವಣೆಯ ಸಭಾಂಗಣವೊಂದರಲ್ಲಿ ನಮ್ಮ ಬಂಧುಗಳ ಮಗಳ ಆರತಕ್ಷತೆ. ಸಂಗೀತದ ಹೊಣೆ ನನ್ನ ತಮ್ಮನ ಮಗನದು. ಅವನ ಬಳಿ ಇದ್ದದ್ದು 2018ರಲ್ಲಿ ಬಂದ ಡಿಡಿಜೆ-400, ಆರಂಭಿಕರ ಅಚ್ಚುಮೆಚ್ಚಿನ ಮಾದರಿ. ಹಾಡುಗಳು ಚೆನ್ನಾಗಿಯೇ ನಡೆದವು. ಬಳಿಕ ಎಂಬತ್ತು ದಾಟಿದ ಅಜ್ಜನವರು ಮೊಮ್ಮಗಳನ್ನು ಆಶೀರ್ವದಿಸಿ ಕನ್ನಡದಲ್ಲಿ ನಾಲ್ಕು ಮಾತು ಆಡಲು ಎದ್ದು ನಿಂತರು. ಮೈಕನ್ನು ಕಂಟ್ರೋಲರಿಗೇ ಸಿಕ್ಕಿಸಲಾಗಿತ್ತು. ಮೊದಲು ಗುಂಯ್‌ಗುಡುವ ಸದ್ದು, ಧ್ವನಿ ಏರಿಸಿದೊಡನೆ ಕಿವಿ ಕೊರೆಯುವ ಶಿಳ್ಳೆ, ಇಳಿಸಿದರೆ ಮಾತೇ ಕೇಳದು. ಅವರು ಮಾತು ಮುಗಿಸುವ ತನಕ ಮುಂದಿನ ಎರಡು ಸಾಲಿನವರಿಗಲ್ಲದೆ ಬೇರೆಯವರಿಗೆ ಏನೂ ಕೇಳಿಸಲಿಲ್ಲ. ಮರುದಿನ ಹುಡುಗ ನನ್ನ ಬಳಿ ಬಂದು, "ದೊಡ್ಡಪ್ಪ, ನಾಲ್ಕು ಚಾನೆಲ್ಲಿನ ಕಂಟ್ರೋಲರಿಗೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆಯೇ?" ಎಂದು ಕೇಳಿದ. ಸಾಲದ ಮಾತು ಆಮೇಲೆ, ನಿನ್ನೆ ಕೆಟ್ಟದ್ದು ಯಾವುದು ಎಂದು ಮೊದಲು ನೋಡೋಣ ಎಂದೆ.

ಕೆಟ್ಟದ್ದು ಎರಡು. ಮೊದಲನೆಯದು ಮೈಕ್. ಆರಂಭಿಕರ ಕಂಟ್ರೋಲರುಗಳಲ್ಲಿ ಮೈಕಿಗೆ ಇರುವುದು ಒಂದು ಕಾಲಿಂಚಿನ ಜಾಕ್ ಮತ್ತು ಧ್ವನಿಮಟ್ಟದ ಒಂದು ಗುಂಡಿ. ಮೈಕಿನದೇ ಆದ ಬಾಸ್-ಟ್ರೆಬಲ್ ಹೊಂದಾಣಿಕೆ ಇಲ್ಲ. ಸ್ಪೀಕರಿನ ಧ್ವನಿ ಮೈಕಿಗೆ ಮರಳಿ ಹೊಕ್ಕು ಸುತ್ತುವಾಗ ಶಿಳ್ಳೆ ಹುಟ್ಟುತ್ತದೆ. ಅದು ಹುಟ್ಟುವ ಸ್ವರಭಾಗವನ್ನು ತಗ್ಗಿಸುವ ಉಪಾಯವಿಲ್ಲದಿದ್ದರೆ ಇಡೀ ಧ್ವನಿಯನ್ನೇ ತಗ್ಗಿಸಬೇಕಾಗುತ್ತದೆ. ಮುಖ್ಯ ಸ್ಪೀಕರುಗಳ ಎದುರಿಗೇ ಮೈಕ್ ಹಿಡಿದು ನಿಂತದ್ದೂ ತಪ್ಪೇ. ಮಾತನಾಡುವವರು ಸ್ಪೀಕರುಗಳ ಸಾಲಿನಿಂದ ಹಿಂದೆ ನಿಂತರೆ ಅರ್ಧ ತೊಂದರೆ ಖರ್ಚಿಲ್ಲದೆ ಪರಿಹಾರವಾಗುತ್ತದೆ.

ಎರಡನೆಯದು ತಂತಿ. ಈ ಕಂಟ್ರೋಲರುಗಳಿಂದ ಧ್ವನಿ ಹೊರಬರುವುದು ಕೆಂಪು-ಬಿಳಿ ಬಣ್ಣದ ಆರ್‌ಸಿಎ ಕಿಂಡಿಗಳ ಮೂಲಕ. ಹಳೆಯ ವಿಸಿಡಿ ಪ್ಲೇಯರುಗಳನ್ನು ಟಿವಿಗೆ ಜೋಡಿಸಿದವರಿಗೆ ಇವು ಚಿರಪರಿಚಿತ. ಮೂರು-ನಾಲ್ಕು ಮೀಟರಿನವರೆಗೆ ಅಡ್ಡಿಯಿಲ್ಲ. ಆದರೆ ಸಭಾಂಗಣದಲ್ಲಿ ಮೈಕ್‌ಸೆಟ್ಟಿನವರ ಮಿಕ್ಸರ್ ಹದಿನೈದು-ಇಪ್ಪತ್ತು ಮೀಟರ್ ದೂರದಲ್ಲಿರುತ್ತದೆ, ದಾರಿಯುದ್ದಕ್ಕೂ ದೀಪಗಳ ವಿದ್ಯುತ್ ತಂತಿಗಳಿರುತ್ತವೆ. ಆರ್‌ಸಿಎ ತಂತಿ ಅವುಗಳ ಸದ್ದನ್ನೆಲ್ಲ ಹೀರಿಕೊಳ್ಳುತ್ತದೆ. ವೃತ್ತಿಪರ ಸಲಕರಣೆಗಳ ಎಕ್ಸ್‌ಎಲ್‌ಆರ್ ಜೋಡಣೆಯಲ್ಲಿ ಒಂದೇ ಸಂಕೇತ ಎರಡು ತಂತಿಗಳಲ್ಲಿ ಪರಸ್ಪರ ವಿರುದ್ಧವಾಗಿ ಹರಿಯುತ್ತದೆ. ಹೊರಗಿನ ಸದ್ದು ಎರಡಕ್ಕೂ ಸಮಾನವಾಗಿ ಅಂಟಿಕೊಳ್ಳುವುದರಿಂದ, ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ಸದ್ದು ಅಳಿದು ಹಾಡು ಉಳಿಯುತ್ತದೆ. ಹಾಗಾಗಿ ಅದನ್ನು ಮೂವತ್ತು ಮೀಟರ್ ಎಳೆದರೂ ಚಿಂತೆಯಿಲ್ಲ.

ಗುಂಯ್‌ಗುಡುವಿಕೆಗೆ ಮತ್ತೊಂದು ಕಾರಣವೂ ಉಂಟು. ಲ್ಯಾಪ್‌ಟಾಪಿನ ಚಾರ್ಜರ್ ಒಂದು ಪ್ಲಗ್ಗಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ ಇದ್ದಾಗ ಎರಡು ಅರ್ತ್‌ಗಳ ನಡುವೆ ಧ್ವನಿ ತಂತಿಯ ಮೂಲಕವೇ ವಿದ್ಯುತ್ ಸುತ್ತತೊಡಗುತ್ತದೆ. ಚಾರ್ಜರ್ ಕಿತ್ತೊಡನೆ ಸದ್ದು ನಿಂತರೆ ಕಾರಣ ಇದೇ ಇರಬಹುದೆಂದು ತಿಳಿಯಬೇಕು. ಟ್ರಾನ್ಸ್‌ಫಾರ್ಮರ್ ಉಳ್ಳ ಡಿಐ ಪೆಟ್ಟಿಗೆ ಇದಕ್ಕೆ ಪರಿಹಾರ. ಪ್ಲಗ್ಗಿನ ಮೂರನೆಯ ಪಿನ್ ಮುರಿದು ಸದ್ದು ನಿಲ್ಲಿಸುವವರನ್ನು ನೋಡಿದ್ದೇನೆ. ಮಳೆಗಾಲದ ಒದ್ದೆ ಪೆಂಡಾಲಿನಲ್ಲಿ ಅದು ಜೀವಕ್ಕೇ ಅಪಾಯ. ಯಾವ ಕಾರಣಕ್ಕೂ ಕೂಡದು.

ಇಷ್ಟು ತಿಳಿದ ಮೇಲೆ ನಾವು ಕೊಂಡದ್ದು ಹೊಸ ಕಂಟ್ರೋಲರನ್ನಲ್ಲ, ಯಮಹಾ ಎಂಜಿ ಸರಣಿಯ ಒಂದು ಚಿಕ್ಕ ಮಿಕ್ಸರನ್ನು. ಕಂಟ್ರೋಲರಿನ ಆರ್‌ಸಿಎ ತಂತಿ ಒಂದೇ ಮೀಟರ್ ಸಾಗಿ ಅದಕ್ಕೆ ಸೇರುತ್ತದೆ. ಮೈಕ್ ನೇರವಾಗಿ ಮಿಕ್ಸರಿಗೆ. ಅಲ್ಲಿ ಅದಕ್ಕೆ ಪ್ರತ್ಯೇಕ ಹೊಂದಾಣಿಕೆ ಇದೆ, ಕೆಳಸ್ವರಗಳ ಗುಡುಗನ್ನು ಕಡಿಯುವ ಗುಂಡಿಯಿದೆ. ಮಿಕ್ಸರಿನಿಂದ ಎಕ್ಸ್‌ಎಲ್‌ಆರ್ ತಂತಿ ಮೈಕ್‌ಸೆಟ್ಟಿನವರ ಕಡೆಗೆ. ಇದಲ್ಲದೆ ಒಂದು ಲಾಭವಿದೆ: ಲ್ಯಾಪ್‌ಟಾಪ್ ಕೈಕೊಟ್ಟರೂ ಮೈಕ್ ನಡೆಯುತ್ತಿರುತ್ತದೆ, ಮೊಬೈಲ್ ಫೋನನ್ನು ಇನ್ನೊಂದು ಚಾನೆಲ್ಲಿಗೆ ಜೋಡಿಸಿ ಹಾಡನ್ನೂ ಮುಂದುವರಿಸಬಹುದು. ಜೊತೆಗೆ ಒಂದು ಒಳ್ಳೆಯ ಮೈಕ್ ಇರಲಿ. 1966ರಿಂದ ಬಳಕೆಯಲ್ಲಿರುವ ಶೂರ್ ಎಸ್‌ಎಂ58 ಇಂದಿಗೂ ಮಾತಿಗೆ ಮೋಸಮಾಡದು. ನನ್ನ ಅಭಿಪ್ರಾಯದಲ್ಲಿ ಊರೂರು ತಿರುಗಿ ಕಾರ್ಯಕ್ರಮ ಕೊಡುವವರಿಗೆ ಮೊದಲ ಮೇಲ್ದರ್ಜೆ ಇದೇ.

ಇನ್ನು ಕಂಟ್ರೋಲರನ್ನೇ ಬದಲಿಸುವ ವಿಚಾರ. ಇಲ್ಲಿ ಬೆಲೆಯೂ ಗಾತ್ರವೂ ದಾರಿ ತಪ್ಪಿಸುತ್ತವೆ. 2021ರಲ್ಲಿ ಬಂದ ಡಿಡಿಜೆ-ಎಫ್‌ಎಲ್‌ಎಕ್ಸ್6 ನಾಲ್ಕು ಚಾನೆಲ್ಲಿನದು, ದೊಡ್ಡ ಚಕ್ರಗಳುಳ್ಳದ್ದು, ನೋಡಲು ಭರ್ಜರಿ. ಆದರೆ ಹಿಂಭಾಗದಲ್ಲಿ ಅದೇ ಆರ್‌ಸಿಎ ಕಿಂಡಿಗಳು ಮಾತ್ರ! ಡಿಡಿಜೆ-400ರ ಉತ್ತರಾಧಿಕಾರಿಯಾದ ಎಫ್‌ಎಲ್‌ಎಕ್ಸ್4 ಹೊಸ ಅನುಕೂಲಗಳನ್ನು ತಂದಿತಾದರೂ, ಮೊಬೈಲ್ ಫೋನಿನೊಡನೆಯೂ ನಡೆಯಿತಾದರೂ, ಈ ವಿಷಯದಲ್ಲಿ ಬದಲಾಗಲಿಲ್ಲ. ಡಿಡಿಜೆ-400 ಇರುವವರು ಅದಕ್ಕೆ ಹಾರಿದರೆ ಸಮಾರಂಭದ ಮಟ್ಟಿಗೆ ಇದ್ದಲ್ಲೇ ಇದ್ದಂತೆ.

ನಿಜವಾದ ವ್ಯತ್ಯಾಸ ಕಾಣುವುದು 2018ರ ಡಿಡಿಜೆ-1000 ಅಥವಾ 2023ರ ಎಫ್‌ಎಲ್‌ಎಕ್ಸ್10ರ ದರ್ಜೆಯಲ್ಲಿ. ಎಕ್ಸ್‌ಎಲ್‌ಆರ್ ಹೊರದಾರಿ, ನುಡಿಸುವವನ ಪಕ್ಕದ ಸ್ಪೀಕರಿಗೆ ಬೇರೆಯೇ ಧ್ವನಿಮಟ್ಟದ ಬೂತ್ ಹೊರದಾರಿ, ಹೊಂದಾಣಿಕೆಯ ಗುಂಡಿಗಳಿರುವ ಎರಡು ಮೈಕುಗಳು, ಮಾತು ಆರಂಭವಾದೊಡನೆ ಹಾಡು ತಾನೇ ತಗ್ಗುವ ವ್ಯವಸ್ಥೆ, ಎರಡು ಲ್ಯಾಪ್‌ಟಾಪುಗಳನ್ನು ಒಟ್ಟಿಗೆ ಜೋಡಿಸಬಲ್ಲ ಎರಡು ಯುಎಸ್‌ಬಿ ಕಿಂಡಿಗಳು. ಕೊನೆಯದು ಒಬ್ಬ ಕಲಾವಿದ ಇಳಿದು ಇನ್ನೊಬ್ಬ ಏರುವಾಗ ಹಾಡು ನಿಲ್ಲದಿರಲು ಉಪಯುಕ್ತ. ಇವುಗಳಲ್ಲಿ ಮೂರಾದರೂ ಪ್ರತಿ ತಿಂಗಳು ಬೇಕಾಗುವವರು ಧಾರಾಳವಾಗಿ ಕೊಳ್ಳಲಿ. ಡಿಡಿಜೆ-1000 ಈಗ ಹಳೆಯ ಮಾದರಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪ್ರತಿಯೊಂದು ಕಿಂಡಿಗೂ ತಂತಿ ಸಿಕ್ಕಿಸಿ, ಅಲುಗಾಡಿಸಿ, ಜಾರುಪಟ್ಟಿಗಳನ್ನು ನಿಧಾನವಾಗಿ ಎಳೆದು ಕೇಳಬೇಕು. ಕೊಚ್ಚಿಯ ಉಪ್ಪುಗಾಳಿ, ನಮ್ಮ ಆರು ತಿಂಗಳ ತೇವ ಇವು ಲೋಹದ ಸಂಪರ್ಕಗಳಿಗೆ ಶತ್ರುಗಳು.

ದೊಡ್ಡದಕ್ಕೆ ಹೋದಾಗ ಬರುವ ಹೊಸ ಕಷ್ಟಗಳನ್ನೂ ಹೇಳಬೇಕು. ಎಫ್‌ಎಲ್‌ಎಕ್ಸ್4ರ ತೂಕ ಸುಮಾರು 2 ಕಿಲೋ, ಬೆನ್ನ ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಬಹುದು. ಎಫ್‌ಎಲ್‌ಎಕ್ಸ್10 ಸುಮಾರು 6.7 ಕಿಲೋ, ಅಗಲ ಎಪ್ಪತ್ತು ಸೆಂಟಿಮೀಟರ್ ಮೀರಿದ್ದು. ಗಟ್ಟಿ ಪೆಟ್ಟಿಗೆಯೂ ಸೇರಿದರೆ ಇನ್ನೂರು ಕಿಲೋಮೀಟರ್ ದೂರದ ಕೊಚ್ಚಿಗೆ ಕಾರೇ ಬೇಕು. ಇನ್ನೊಂದು ಸೂಕ್ಷ್ಮ: ಚಿಕ್ಕ ಕಂಟ್ರೋಲರ್ ಲ್ಯಾಪ್‌ಟಾಪಿನಿಂದಲೇ ವಿದ್ಯುತ್ ಪಡೆಯುತ್ತದೆ. ದೊಡ್ಡದಕ್ಕೆ ಪ್ರತ್ಯೇಕ ಅಡಾಪ್ಟರ್. ಕರೆಂಟು ಹೋಗಿ ಜನರೇಟರ್ ಹತ್ತಿಕೊಳ್ಳುವ ಆ ಕ್ಷಣಗಳಲ್ಲಿ ಚಿಕ್ಕದು ಎಚ್ಚರವಾಗಿಯೇ ಇರುತ್ತದೆ, ದೊಡ್ಡದು ಆರಿ ಮತ್ತೆ ಮೊದಲಿನಿಂದ ಆರಂಭವಾಗಬೇಕು. ಆದುದರಿಂದ ಒಂದು ಸಣ್ಣ ಯುಪಿಎಸ್‌ನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಕನ್ನಡ ಹಾಡುಗಳ ಬಗ್ಗೆ ಒಂದು ಮಾತು. ನಮ್ಮ ಸಭೆಗಳಲ್ಲಿ ಹಳೆಯ ಚಿತ್ರಗೀತೆ ಇಲ್ಲದೆ ಸಂಜೆ ಪೂರ್ಣವಾಗದು. 1981ರ 'ಗೀತಾ' ಚಿತ್ರದಂತಹ ಕಾಲದ ಹಾಡುಗಳಲ್ಲಿ ವಾದ್ಯಗಾರರು ಒಟ್ಟಾಗಿ ಕುಳಿತು ನುಡಿಸಿದ ತಾಳ ಮನುಷ್ಯರ ತಾಳ. ಅಲ್ಲಿ ಇಲ್ಲಿ ಕೂದಲೆಳೆಯಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ತಂತ್ರಾಂಶ ಮಾತ್ರ ಆರಂಭದಿಂದ ಕೊನೆಯವರೆಗೆ ಒಂದೇ ಲಯವೆಂದು ಭಾವಿಸುತ್ತದೆ. ಹಾಗಾಗಿ 'ಸಿಂಕ್' ಗುಂಡಿ ಒತ್ತಿದರೆ ಎರಡು ಹಾಡುಗಳು ಕುದುರೆಗಳಂತೆ ಬೇರೆ ಬೇರೆ ದಿಕ್ಕಿಗೆ ಓಡುತ್ತವೆ. ರೆಕಾರ್ಡ್‌ಬಾಕ್ಸಿನಲ್ಲಿ ಇಂತಹವುಗಳನ್ನು 'ಡೈನಮಿಕ್' ವಿಧಾನದಲ್ಲಿ ವಿಶ್ಲೇಷಿಸಬೇಕು, ಇಲ್ಲವೇ ಕೈಯಿಂದಲೇ ಸರಿಪಡಿಸಬೇಕು. ಲಕ್ಷ ರೂಪಾಯಿಯ ಯಂತ್ರವೂ ಈ ಶ್ರಮವನ್ನು ತಪ್ಪಿಸದು. ಒಂದು ತಂತ್ರಾಂಶದಲ್ಲಿ ಗುರುತು ಹಾಕಿಟ್ಟದ್ದು ಇನ್ನೊಂದಕ್ಕೆ ಪೂರ್ತಿಯಾಗಿ ಬರುವುದಿಲ್ಲವಾದ್ದರಿಂದ ಕಂಟ್ರೋಲರ್ ಆರಿಸುವಾಗ ತಂತ್ರಾಂಶವನ್ನೂ ನೋಡಬೇಕು. ಎಫ್‌ಎಲ್‌ಎಕ್ಸ್10 ರೆಕಾರ್ಡ್‌ಬಾಕ್ಸ್, ಸೆರಾಟೋ ಎರಡಕ್ಕೂ ಒಗ್ಗುತ್ತದೆ.

ಹಣದ ಪ್ರಶ್ನೆ ನನ್ನ ಉದ್ಯೋಗಕ್ಕೆ ಸೇರಿದ್ದು. ಮೈಕ್‌ಸೆಟ್ ಬಾಡಿಗೆ, ಪ್ರಯಾಣ, ಸಹಾಯಕನ ಕೂಲಿ ಕಳೆದು ಒಂದು ಕಾರ್ಯಕ್ರಮದಲ್ಲಿ ಕೈಗೆ ಉಳಿಯುವುದು 3,000 ರೂಪಾಯಿ ಎಂದಿಟ್ಟುಕೊಳ್ಳಿ. 90,000 ರೂಪಾಯಿಯ ಸಲಕರಣೆಗೆ, ಬಡ್ಡಿ ಬಿಟ್ಟು, ಮೂವತ್ತು ಕಾರ್ಯಕ್ರಮ ಬೇಕು. ವರ್ಷಕ್ಕೆ ಹನ್ನೆರಡು ಸಿಗುವವನಿಗೆ ಎರಡೂವರೆ ವರ್ಷ. ಕರ್ಕಾಟಕ ಮಾಸದಲ್ಲಿ ಕೇರಳದ ಹಿಂದೂ ಮದುವೆಗಳು ಬಹುಮಟ್ಟಿಗೆ ನಿಲ್ಲುತ್ತವೆ ಎಂಬುದನ್ನೂ ಮರೆಯುವಂತಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಯಲ್ಲಿ ಇದನ್ನು ಕೊಳ್ಳುವುದು ಅವಿವೇಕ. ಇದನ್ನೇ ವೃತ್ತಿಯಾಗಿ ನಡೆಸುವವರಿಗೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯಿದೆ: 50,000 ರೂಪಾಯಿವರೆಗೆ 'ಶಿಶು', ಅಲ್ಲಿಂದ 5 ಲಕ್ಷದವರೆಗೆ 'ಕಿಶೋರ', ಅಡಮಾನ ಬೇಕಿಲ್ಲ. ಕಾರ್ಯಕ್ರಮಗಳ ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ಪಡೆದಿದ್ದರೆ ಮ್ಯಾನೇಜರರ ಮುಂದೆ ಮಾತು ಸುಲಭ. ನನ್ನ ತಮ್ಮನ ಮಗ ಈಗ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕಾರ್ಯಕ್ರಮದ ಆದಾಯವನ್ನೂ, ಅಂದು ಯಾವ ಕೊರತೆ ಕಾಡಿತೆಂಬುದನ್ನೂ ಬರೆದಿಡುತ್ತಿದ್ದಾನೆ. ಹದಿನಾಲ್ಕು ಕಾರ್ಯಕ್ರಮಗಳಲ್ಲಿ "ನಾಲ್ಕನೆಯ ಚಾನೆಲ್" ಎಂಬ ಕೊರತೆ ಒಮ್ಮೆಯೂ ಬಂದಿಲ್ಲ; "ಬೂತ್ ಸ್ಪೀಕರ್ ಇಲ್ಲ" ಎಂಬುದು ಐದು ಬಾರಿ ಬಂದಿದೆ.

ಕಾನೂನಿನ ಎರಡು ಅಂಶಗಳು ತಿಳಿದಿರಲಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮುಚ್ಚಿದ ಸಭಾಂಗಣದೊಳಗಿನ ಬಳಕೆಯ ಹೊರತು, ನಿಷೇಧ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಸಭಾಂಗಣದ ಅಂಗಳದಲ್ಲಿ ಇಟ್ಟ ಸ್ಪೀಕರ್ 'ಒಳಗಿನದು' ಆಗುವುದಿಲ್ಲ. ಹಾಡುಗಳ ಹಕ್ಕಿನ ಬಗ್ಗೆ: 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ವಿಧಿ ಮದುವೆಯ ಮೆರವಣಿಗೆಗೂ ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಂಭ್ರಮಗಳಿಗೂ ವಿನಾಯಿತಿ ಕೊಟ್ಟಿದೆ, 2023ರ ಜುಲೈನಲ್ಲಿ ಕೇಂದ್ರ ಸರಕಾರ ಇದನ್ನು ಸಾರ್ವಜನಿಕ ಪ್ರಕಟಣೆಯ ಮೂಲಕ ಪುನಃ ಸ್ಪಷ್ಟಪಡಿಸಿತು. ಹೋಟೆಲಿನ ಹೊಸವರ್ಷದ ಕೂಟಕ್ಕೆ, ಕಂಪನಿಯ ವಾರ್ಷಿಕೋತ್ಸವಕ್ಕೆ ಈ ವಿನಾಯಿತಿ ಇಲ್ಲ. ಅಲ್ಲಿ ಪರವಾನಗಿ ಪಡೆಯುವವರು ಯಾರೆಂಬುದನ್ನು ಮುಂಗಡ ಪಡೆಯುವ ಮೊದಲೇ ಬರಹದಲ್ಲಿ ಇತ್ಯರ್ಥಪಡಿಸಿಕೊಳ್ಳಬೇಕು. ಅನುಮತಿ ಪತ್ರದ ಒಂದು ಪ್ರತಿ ತಂತಿಗಳ ಚೀಲದಲ್ಲೇ ಇದ್ದರೆ ಪೊಲೀಸರು ಬಂದಾಗ ಹುಡುಕಾಡುವುದು ತಪ್ಪುತ್ತದೆ.